ಹುಕ್ಕೇರಿಗೆ ಹೊರಟ ಬದನೆಕಾಯಿ

ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನ ದರ ಆರಾಣೆ. ತೊಡೆಯ ಮೇಲಿಟ್ಟುಕೊಂಡ ಗಂಟಿಗೆ ಕಂಡಕ್ಟರ್ ಇನ್ನೊಂದಾಣೆ ಕೇಳಿದ.

"ಏನೈತ್ರಿ ಅದರಾಗ, ಕಂಪೌಂಡರ್ ಸಾಹೇಬ್ರ? ಔಷಧದ ಬಾಟ್ಲಿ ಏನು?"

"ಕಟ್ಟಿಗಿ," ಎಂದೆ. ಹಾಗೆ ಹೇಳಬಾರದಾಗಿತ್ತು. ಯುದ್ಧದ ಕಾಲ, ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು.

"ಕಟ್ಟಿಗಿ ಆದ್ರ ಇಲ್ಲಿ ಕೊಡ್ರಿ, ಹಿಂದ ಒಲಿಗಿ ಹಾಕೂಣು. ಏರಿ ಹತ್ತಾಕ ಬೇಕಾಗತೈತಿ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ಸ್ವಭಾವವೇ ಹಾಗೆ. ಎದುರಿಗೆ ನಗುತ್ತೇನೆ, ಆಮೇಲೆ ಎಂಟು ದಿನ ಸಿಟ್ಟಿನಲ್ಲಿರುತ್ತೇನೆ.

ಗಂಟಿನಲ್ಲಿದ್ದದ್ದು ಏನು ಎಂದು ಓದುಗರಿಗಾದರೂ ಸರಿಯಾಗಿ ಹೇಳಬೇಕು. ನಮ್ಮ ದವಾಖಾನೆಯ ಹಿಂದೆ ಹೊರಸಿನ ಕಾಲು, ತೊಟ್ಟಿಲ ಗೂಟ ಕಡೆದು ಮಾರುವವನ ಅಂಗಡಿಯಿದೆ. ಸಂಜೆ ಅವನ ಕೆಲಸ ಮುಗಿದ ಮೇಲೆ, ಕಾಲಿನಿಂದ ತುಳಿದು ತಿರುಗಿಸುವ ಅವನ ಲೇಥನ್ನು ನನಗೆ ಬಿಟ್ಟುಕೊಡುತ್ತಾನೆ. ನಾನು ಖಾನಾಪುರದ ಕಡೆಯಿಂದ ತರಿಸಿದ ಬೀಟೆ ಮತ್ತು ಹಲಸಿನ ತುಂಡುಗಳನ್ನು ಸರೇಸು ಹಚ್ಚಿ ಒಂದರ ಮೇಲೊಂದು ಅಂಟಿಸುತ್ತೇನೆ. ಬೀಟೆ ಹೆಚ್ಚುಕಡಿಮೆ ಕಪ್ಪು, ಹಲಸು ಅರಿಸಿನದ ಹಳದಿ. ಒಣಗಿದ ಮೇಲೆ ಲೇಥಿಗೆ ಸಿಕ್ಕಿಸಿ ಉಳಿ ಹಿಡಿಯುತ್ತೇನೆ. ಗರಗರ ತಿರುಗುವಾಗ ಕಪ್ಪು ಹಳದಿಗಳು ಒಂದರೊಳಗೊಂದು ಹರಿದು ಕಣ್ಣಿಗೆ ಒಂದು ಬಗೆಯ ನಡುಕ ಕಾಣುತ್ತದೆ. ಚಕ್ರ ನಿಂತಮೇಲೂ ಆ ನಡುಕ ಕಟ್ಟಿಗೆಯಲ್ಲಿ ಉಳಿಯಬೇಕು. ನನ್ನ ಆಸೆ ಅಷ್ಟೇ. ಹಾಗಾಗಿ ನಾನು ಕಡೆದದ್ದು ಗೊಂಬೆಯೂ ಅಲ್ಲ, ಪಾತ್ರೆಯೂ ಅಲ್ಲ, ಯಾವುದರ ಕಾಲೂ ಅಲ್ಲ. ಒಂದನ್ನು ನನ್ನ ಹೆಂಡತಿ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಾಳೆ. ಇನ್ನೊಂದರಿಂದ ಬೆಳ್ಳುಳ್ಳಿ ಜಜ್ಜುತ್ತಾಳೆ.

ಇಂಥ ಹುಚ್ಚಿಗೆ ಮೊದಲ ಬಾರಿ ಒಬ್ಬರು ಮರ್ಯಾದೆ ಕೊಟ್ಟಿದ್ದರು. ಹುಕ್ಕೇರಿಯ ವಕೀಲರೊಬ್ಬರು ಹೊಟ್ಟೆನೋವಿನ ಔಷಧಕ್ಕೆ ಬಂದವರು ಕಪಾಟಿನ ಮೇಲಿದ್ದ, ಹೊಟ್ಟೆ ಉಬ್ಬಿ ಕುತ್ತಿಗೆ ಒಂದು ಕಡೆ ವಾಲಿದ ಹೊಸ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮೂರ ಹುಡುಗರ ಸಾಲಿಯಲ್ಲಿ ಕೈಕಸುಬಿನ ಪ್ರದರ್ಶನ ನಡೆಯುವುದಿದೆ, ತಾವೇ ಕಾರ್ಯದರ್ಶಿ, ಇದನ್ನು ತರಲೇಬೇಕು ಎಂದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಬೀಟೆ ಒಂದು ರೀತಿ ಒಣಗುತ್ತದೆ, ಹಲಸು ಇನ್ನೊಂದು ರೀತಿ. ನಡುವೆ ಬಿರುಕು ಬಿಟ್ಟರೆ? ಬಸ್ಸಿನಲ್ಲಿ ಬಿದ್ದರೆ? ವಕೀಲರ ಹೊಟ್ಟೆನೋವು ವಾಸಿಯಾಗದೆ ನನ್ನ ಮೇಲೆ ಸಿಟ್ಟಾದರೆ?

ಬಿರುಕು ಬಿಟ್ಟಿತು. ಮಸಗುಪ್ಪಿ ದಾಟುವಷ್ಟರಲ್ಲಿ ಗಂಟು ಬಿಚ್ಚಿ ನೋಡಿದೆ. ಕುತ್ತಿಗೆಯ ಕೆಳಗೆ ಕೂದಲೆಳೆಯಷ್ಟು ಸಂದು. ಬಿಸಿಲಿಗೆ ಬಸ್ಸಿನ ತಗಡು ಕಾದು ಹೆಂಚಾಗಿತ್ತು. ಉಳಿದ ದಾರಿಯುದ್ದಕ್ಕೂ ಅದನ್ನು ಒದ್ದೆ ವಸ್ತ್ರದಲ್ಲಿ ಸುತ್ತಬೇಕೋ ಬೇಡವೋ ಎಂದು ಚಿಂತಿಸುತ್ತ, ಏನನ್ನೂ ಮಾಡದೆ ಕುಳಿತೆ.

ಗೋಕಾಕದಲ್ಲಿ ಇಳಿದವನು ನೇರ ಗೊಂಬೆ ಮಾಡುವವರ ಓಣಿಗೆ ಹೋದೆ. ಅಲ್ಲಿ ಗಂಗವ್ವ ನನಗೆ ಗುರುತು. ಮಗಳ ಜ್ವರಕ್ಕೆ ಔಷಧ ಒಯ್ದವಳು. ಕಟ್ಟಿಗೆಯ ಮಾವಿನಹಣ್ಣು, ಬಾಳೆಹಣ್ಣು ಮಾಡಿದರೆ ಗಿಳಿ ಬಂದು ಕುಕ್ಕಬೇಕು, ಹಾಗೆ ಬಣ್ಣ ಹಚ್ಚುತ್ತಾಳೆ. ಅವಳೂ ಹುಕ್ಕೇರಿಯ ಪ್ರದರ್ಶನಕ್ಕೆ ಬುಟ್ಟಿ ಕಟ್ಟುತ್ತಿದ್ದಳು. ಹುಣಸೆ ಬೀಜದ ಅಂಟಿಗೆ ಕಟ್ಟಿಗೆಯ ಪುಡಿ ಕಲಸಿ ಸಂದು ಮುಚ್ಚುವುದರಲ್ಲಿ ಆ ಓಣಿಯವರನ್ನು ಬಿಟ್ಟರಿಲ್ಲ.

"ಇಷ್ಟ ಒಂದು ಸಂದು ತುಂಬಿ ಕೊಡ್ರಿ, ಗಂಗವ್ವಾರ."

"ಇಟ್ಟು ಹೋಗ್ರಿ. ನಾಳಿ ಮಧ್ಯಾಹ್ನದ ಬಸ್ಸಿಗಿ ಕೂಡೇ ಹೋಗೂಣು. ಛಂದ ಮಾಡಿ ಇಟ್ಟಿರತೇನಿ."

ಆ "ಛಂದ" ಎಂಬ ಮಾತಿಗೆ ನಾನು ಹೆದರಬೇಕಾಗಿತ್ತು. ಜಗತ್ತಿನ ಎಲ್ಲದಕ್ಕೂ ಹೆದರುವ ನಾನು ಅದೊಂದಕ್ಕೆ ಹೆದರಲಿಲ್ಲ.

ಮರುದಿನ ಮುಂಜಾನೆ ಸುಮ್ಮನಿರಲಾಗದೆ ಟಾಂಗಾ ಹಿಡಿದು ಜಲಪಾತಕ್ಕೆ ಹೋದೆ. ಬೇಸಿಗೆ, ನೀರು ಬಂಡೆಯ ಮೇಲೆ ನಾಲ್ಕಾರು ಬಿಳಿ ಗೀರಾಗಿ ಇಳಿಯುತ್ತಿತ್ತು. ತೂಗುಸೇತುವೆಯ ಮೇಲೆ ಅರ್ಧ ಹೋಗಿ, ಹಲಗೆ ಅಲುಗಿದ್ದಕ್ಕೆ ಕಣ್ಣು ಮುಚ್ಚಿ ನಿಂತೆ. ಹಿಂದಿನಿಂದ ಮೇವಿನ ಹೊರೆ ಹೊತ್ತ ಹೆಂಗಸು, "ಸರೀರಿ ಅಣ್ಣಾರ, ಇಲ್ಲೇ ಮನಿ ಕಟ್ಟೀರೇನು?" ಎಂದು ನನ್ನನ್ನು ತಳ್ಳಿಕೊಂಡೇ ಆಚೆ ದಾಟಿಸಿದಳು. ಗೋಕಾಕಕ್ಕೆ ಮರಳಿ ಪಾವು ಸೇರು ಕರದಂಟು ಕೊಂಡು ಅರ್ಧ ನಾನೇ ತಿಂದೆ. ಚಿಂತೆ ಹೆಚ್ಚಾದರೆ ನನಗೆ ಹಸಿವೆಯೂ ಹೆಚ್ಚು.

ಗಂಗವ್ವನ ಕಟ್ಟೆಯ ಮೇಲೆ ಬಿಸಿಲಿಗೆ ಒಂದು ಬದನೆಕಾಯಿ ಒಣಗುತ್ತಿತ್ತು. ನೀಲಿಗಪ್ಪು ಮೈ, ಹೊಟ್ಟೆಯ ಮೇಲೆ ಬೆಳಕು ಬಿದ್ದಂತೆ ಒಂದು ಬಿಳಿ ಗೆರೆ, ವಾಲಿದ ಕುತ್ತಿಗೆಗೆ ಹಸಿರು ತೊಟ್ಟು, ತೊಟ್ಟಿನ ಮೇಲೆ ಮುಳ್ಳು ಕೂಡ. ಎಷ್ಟು ಚೆನ್ನಾಗಿತ್ತೆಂದರೆ ನಾನು ಮೆಚ್ಚಿಯೇಬಿಟ್ಟೆ. ಆಮೇಲೆ ಆ ವಾಲಿದ ಕುತ್ತಿಗೆಯ ಗುರುತು ಹತ್ತಿತು.

"ಏನ್ ಮಾಡೀರಿ ಇದು?" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಯಾಕ್ರಿ, ಬದನಿಕಾಯಿ ಅಲ್ಲೇನು? ನೋಡಿದ ಕೂಡ್ಲೆ ತಿಳೀತು ನನಗ."

"ಸಂದು ತುಂಬ್ರಿ ಅಂದ್ರ ಬಣ್ಣ ಹಚ್ಚೀರಿ!"

"ಸಂದು ತುಂಬಿದ ಮ್ಯಾಲೆ ಸುಣ್ಣ ಬಳೀಬೇಕು, ಸುಣ್ಣ ಬಳದ ಮ್ಯಾಲೆ ಬಣ್ಣ. ಬತ್ತಲೆ ಕಟ್ಟಿಗಿ ನಾವು ಹೊಸ್ತಲಾ ದಾಟಸೂದಿಲ್ರಿ. ನನ್ನ ಅತ್ತಿ ಇದ್ದಿದ್ರ ಹಂಗ ಕೊಟ್ಟಿದ್ದಕ್ಕ ನನ್ನ ಕೈ ಮುರೀತಿದ್ಲು. ಅದೂ ನೀವು ಏನೋ ಮೇಣ ತಿಕ್ಕಿ ಇಟ್ಟಿದ್ರಿ, ಸುಣ್ಣ ಹಿಡೀಲೇ ಇಲ್ಲ. ನಿನ್ನಿ ಸಂಜಿಂದ ತಿಕ್ಕಿ ತಿಕ್ಕಿ ಅದನ್ನೆಲ್ಲಾ ತಗದೆ. ರೆಟ್ಟಿ ಬಿದ್ದು ಹೋದುವು."

ಆ ಮೇಣ ನಾನು ಒಂದು ತಿಂಗಳು ಅಂಗೈಯಲ್ಲೇ ತಿಕ್ಕಿ ಹತ್ತಿಸಿದ್ದು. ಕೂಗಿದೆ. ಏನೇನು ಕೂಗಿದೆನೋ! ಓಣಿಯವರು ಬಾಗಿಲಿಗೆ ಬಂದರು. ಔಷಧ ಅಳೆದು ಕೊಡುವ ಮೆತ್ತಗಿನ ಮನುಷ್ಯ ಬದನೆಕಾಯಿ ಹಿಡಿದು ಕುಣಿಯುತ್ತಿರುವುದನ್ನು ನೋಡಿ ಯಾರೋ, "ಬಿಸಲ ತಲಿಗೇರೈತಿ, ಮಜ್ಜಿಗಿ ಕೊಡ್ರಬೇ," ಎಂದರು. ನೀರಿನಲ್ಲಿ ತೊಳೆದರೆ ಸರೇಸು ಬಿಡುತ್ತದೆ. ಊರಿಗೆ ಹೋಗಿ ಮತ್ತೆ ಲೇಥಿಗೆ ಹಾಕೋಣವೆಂದರೆ ಪ್ರದರ್ಶನ ಅಂದೇ ಸಂಜೆ ತೆರೆಯುವುದಿತ್ತು. ಬದನೆಕಾಯಿಯನ್ನೇ ಹೊತ್ತು ಬಸ್ಸು ಹತ್ತಿದೆ. ಗಂಗವ್ವ ಹುಲ್ಲು ಹಾಸಿದ ಹಣ್ಣಿನ ಬುಟ್ಟಿಯೊಂದಿಗೆ ಎದುರಿನ ಬೆಂಚಿನಲ್ಲಿ ಕುಳಿತು, ಕಿಡಕಿಯ ಹೊರಗೆ ಮುಖ ತಿರುಗಿಸಿದಳು.

ಕೊಣ್ಣೂರಿನಲ್ಲಿ ಬಸ್ಸಿನ ಒಲೆ ಆರಿತು. ಮತ್ತೆ ಇದ್ದಿಲು ತುಂಬಿ ಗಾಳಿ ಹಾಕಿ ಹೊತ್ತಿಸಲು ಬಹಳ ಹೊತ್ತು ಹಿಡಿಯುತ್ತದೆ ಎಂದ ಡ್ರೈವರ್. ಎರಡೂ ಕಡೆ ಕಬ್ಬಿನ ಹೊಲ, ರಸ್ತೆಯ ಬದಿಗೆ ಬೇವಿನ ಗಿಡ, ಅದರ ಕೆಳಗೆ ಚಹಾದ ಅಂಗಡಿ. ಅಂಗಡಿಯ ಹಿಂದೆ ಒಡೆದ ಸೋಡಾ ಬಾಟ್ಲಿಯ ಚೂರುಗಳು ಬಿದ್ದಿದ್ದವು. ಕಟ್ಟಿಗೆ ಕೆರೆಯಲು ಗಾಜಿನ ಅಂಚಿನಷ್ಟು ಹದವಾದದ್ದು ಬೇರೆ ಇಲ್ಲ. ಒಂದು ಚೂರಿಗೆ ವಸ್ತ್ರ ಸುತ್ತಿ, ಬೇರಿನ ಮೇಲೆ ಕುಳಿತು ಕೆರೆಯತೊಡಗಿದೆ. ಬೆರಳು ಕೊಯ್ದೀತು, ನಂಜಾದೀತು ಎಂದು ಎಂದಿನಂತೆ ಅನಿಸಿತು. ಆಗಲಿ ಎಂದುಕೊಂಡೆ.

ಜನ ಸೇರಿದರು. ನೀಲಿ ಪುಡಿ, ಅದರ ಕೆಳಗೆ ಸುಣ್ಣದ ಪುಡಿ ನನ್ನ ಧೋತರದ ಮೇಲೆ ಉದುರುತ್ತಿತ್ತು.

"ಏ, ಎಂಥಾ ಚಲೋ ಬದನಿಕಾಯಿ ಕೆಡಸಾಕತ್ತಾನ ನೋಡ್ರೋ!" ಎಂದ ಒಬ್ಬ ಮುದುಕ.

ಗಂಗವ್ವ ಬಸ್ಸಿನಿಂದ ಇಳಿದು ಬಂದಳು. "ಕೆರೀರಿ, ಕೆರೀರಿ. ಮುಳ್ಳು ಬಿಡಿಸಾಕ ನಾ ಅಳಿಲಿನ ಬಾಲದ ಕುಂಚಾ ತಗದಿದ್ದೆ. ದೇವರ ಕಣ್ಣು ಬರಿಯೂದರಾಗ ಅಷ್ಟ ಬಳಸತೇನಿ ಅದನ್ನ. ನಿಮಗೇನು ಗೊತ್ತು!"

"ನಾ ಹಚ್ಚಂದಿದ್ನೇನು?"

"ಹಚ್ಚಬ್ಯಾಡ ಅಂದಿದ್ರೇನು?"

"ನನ್ನ ತಿಂಗಳ ಕೆಲಸ ತಿಕ್ಕಿ ತಗದೀರಿ!"

"ನನ್ನದನ್ನ ನೀವೀಗ ಏನ್ ಮಾಡಾಕತ್ತೀರಿ? ಪೂಜಿ ಮಾಡಾಕತ್ತೀರೇನು?"

ಆ ಮಾತಿಗೆ ಸಿಟ್ಟು ಇಮ್ಮಡಿಯಾಗಿ ಇನ್ನೂ ಜೋರಾಗಿ ಕೆರೆದೆ. ಹಳದಿ ಉಂಗುರಗಳು ಕಾಣತೊಡಗಿದವು. ಬಸ್ಸು ಗುರುಗುಟ್ಟಿದಾಗ ಅವಳೇ, "ತೊಟ್ಟಿನ ಬುಡಕ ಇನ್ನೂ ಹಸರ ಉಳದೈತಿ. ತಗಿಯೂದಾದ್ರ ಪೂರಾ ತಗೀರಿ, ಅರ್ಧಾ ಮರ್ಧಾ ನನ್ನ ಹೆಸರ ಕೆಡಸಬ್ಯಾಡ್ರಿ," ಎಂದು ಹೇಳಿ ಹತ್ತಿದಳು. ಘಟಪ್ರಭೆಯ ಸೇತುವೆ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಹುಕ್ಕೇರಿ ಮುಟ್ಟುವವರೆಗೆ ಕೆರೆದೆ. ಹಲಸು ಶುದ್ಧವಾಯಿತು. ಬೀಟೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಮಾತ್ರ ಸುಣ್ಣ ಕೂತುಬಿಟ್ಟಿತ್ತು. ಕಪ್ಪಿನ ಮೇಲೆಲ್ಲ ರವೆ ಚೆಲ್ಲಿದ ಹಾಗೆ. ಸೂಜಿಯಿಂದ ತೆಗೆದರೂ ಬರುವಂಥದ್ದಲ್ಲ.

ಸಾಲಿಯ ದೊಡ್ಡ ಕೋಣೆಯಲ್ಲಿ ಮೇಜುಗಳ ಮೇಲೆ ಬಿಳಿ ಹಾಸು. ಕಂಬಳಿ, ಚರ್ಮದ ಮೆಟ್ಟು, ಹಿತ್ತಾಳೆಯ ದೀಪದ ಸಮೆ, ಗಂಗವ್ವನ ಹಣ್ಣುಗಳು. ಪ್ರತಿಯೊಂದರ ಮುಂದೆ ಚೀಟಿ: ಹೆಸರು, ಉಪಯೋಗ. ವಕೀಲರು ಕರಿ ಕೋಟು ಹಾಕಿಕೊಂಡು ಬೆವರುತ್ತ ಓಡಾಡುತ್ತಿದ್ದರು.

"ಬರ್ರಿ ಬರ್ರಿ ಕಂಪೌಂಡರ್‌ರ! ಇದರ ಹೆಸರೇನು ಬರೀಲಿ?"

"ಹೆಸರಿಲ್ರಿ."

"ಉಪಯೋಗ?"

"ಅದೂ ಇಲ್ಲ."

ಅವರು ತುಂಡನ್ನು ತಿರುಗಿಸಿ ನೋಡಿದರು. "ಅವತ್ತು ನೋಡಿದಾಗ ಬಣ್ಣ ಹಚ್ಚೂದು ಬಾಕಿ ಐತಿ ಅಂತ ತಿಳಕೊಂಡಿದ್ದೆ ನಾ. ಬಣ್ಣ ಹಚ್ಚಿ ಬದನಿಕಾಯೋ ಸೋರಿಕಾಯೋ ಏನರ ಮಾಡಿ ತರತೀರಿ ಅಂತ. ಈಗ ಹೆಂಗ ಇಡಾಕ ಬರತೈತ್ರಿ? ತಾಲೂಕಿನ ಮಾಮಲೇದಾರರು ಬರಾಕತ್ತಾರ, ಇದೇನು ಅಂತ ಕೇಳಿದ್ರ ನಾ ಏನ್ ಹೇಳಲಿ?" ಎಂದು ಅದನ್ನು ಮೇಜಿನ ಕೆಳಗೆ, ಖಾಲಿ ಬುಟ್ಟಿಗಳ ನಡುವೆ ಸರಿಸಿದರು.

ಎಂದಿನ ನಾನಾಗಿದ್ದರೆ ನಕ್ಕು, ಹೊಟ್ಟೆನೋವು ಹೇಗಿದೆ ಎಂದು ವಿಚಾರಿಸಿ, ಮನೆಗೆ ಬರುತ್ತಿದ್ದೆ. ಅಂದು ಕೆಳಗೆ ಬಗ್ಗಿ ಅದನ್ನೆತ್ತಿ ಮೇಜಿನ ಅಂಚಿನಲ್ಲಿಟ್ಟೆ. ಮೇಲೆ ಕೈಯಿಟ್ಟುಕೊಂಡೇ ನಿಂತೆ.

"ತಗೀರಿ ಅದನ್ನ."

"ತಗಿಯೂದಿಲ್ಲ."

"ಕಂಪೌಂಡರ್‌ರ, ಹುಚ್ಚು ಹಿಡದೈತೇನ್ರಿ?"

"ಹೌದ್ರಿ. ನಿಮ್ಮ ಕರಿ ಕೋಟಿಗಿ ಏನ್ ಉಪಯೋಗ ಐತಿ ಅಂತ ಚೀಟಿ ಹಚ್ಚೀರೇನು ಈ ಬಿಸಲಾಗ? ಹೊಟ್ಟಿನೋವಂತ ಬಂದಾಗ ನಾ ನಿಮ್ಮ ಉಪಯೋಗ ಕೇಳಿದ್ನೇನು?"

ಬಾಗಿಲಲ್ಲಿ ಮಾಮಲೇದಾರರ ಟಾಂಗಾ ಬಂತು. ವಕೀಲರು ಹಲ್ಲು ಕಡಿದು ಅತ್ತ ಓಡಿದರು. ನಾನು ಇಟ್ಟ ಜಾಗ ತೀರ ಅಂಚು, ಯಾರ ಸೆರಗು ತಾಗಿದರೂ ಬೀಳುವಂತಿತ್ತು. ಗಂಗವ್ವ ಮೂರು ಮಾವಿನಹಣ್ಣು, ಒಂದು ಬಾಳೆಯ ಚಿಪ್ಪು ಎತ್ತಿ ಆಚೆಗಿಟ್ಟಳು.

"ಒಳಗ ಸರಸ್ರಿ. ನನ್ನ ಹಣ್ಣಿನ ಮ್ಯಾಲೆ ಬಿದ್ರ ಮತ್ತ ನನಗ ಕೂಗತೀರಿ," ಎಂದಳು, ನನ್ನ ಮುಖ ನೋಡದೆ.

ಸಂಜೆಯ ಬಸ್ಸು ತಪ್ಪಿದರೆ ದವಾಖಾನೆಗೆ ರಜೆ ಬೀಳುತ್ತಿತ್ತು. ತುಂಡನ್ನು ಅಲ್ಲೇ ಬಿಟ್ಟು ಹೊರಟೆ. ವಕೀಲರು ಮತ್ತೆ ಕೆಳಗೆ ಎಸೆದಾರು, ಯಾರಾದರೂ ಒಲೆಗೆ ಒಯ್ದಾರು ಎಂಬ ಚಿಂತೆ ಅಂಗಳದಲ್ಲಿಯೇ ಹಿಡಿಯಿತು. ಕಿಡಕಿಯಿಂದ ಒಮ್ಮೆ ಇಣುಕಿದೆ. ಗ್ಯಾಸಬತ್ತಿ ಹಚ್ಚಿದ್ದರು. ಆ ಬೆಳಕಿಗೆ ಕಪ್ಪು ಹಳದಿ ಉಂಗುರಗಳು ನಿಂತಲ್ಲೇ ತುಸು ಅಲುಗಿದಂತೆ ಕಂಡವು. ಅಥವಾ ನನ್ನ ಕಣ್ಣೇ ಅಲುಗಿತೋ. ಕೆಂಪು ರುಮಾಲಿನ ರೈತನೊಬ್ಬ ಅದರ ಮುಂದೆ ಬಗ್ಗಿ ನಿಂತಿದ್ದ.

"ಇದೇನಬೇ?"

"ಏನೂ ಅಲ್ಲ," ಎಂದಳು ಗಂಗವ್ವ, ನನ್ನನ್ನು ಬೈದ ಅದೇ ದನಿಯಲ್ಲಿ. "ಮುಟ್ಟಬ್ಯಾಡ, ಸುಮ್ನ ನೋಡು."

ಅವನು ನೋಡುತ್ತಿದ್ದ. ನಾನು ಬಸ್ಸಿಗೆ ಓಡಿದೆ.