ಮಾಲವ್ವ ಕಡಿಯಬೇಕಿದ್ದ ದಾರ

ಮಾಲವ್ವ ಸನವಳ್ಳಿಯ ಒಕ್ಕಲುತನದ ಮನೆಯ ಮಗಳು. ಗಂಡ ಕರಿಬಸಪ್ಪನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸ ಸಿಕ್ಕಿತು. ೧೯೫೮ರಲ್ಲಿ ಇಬ್ಬರೂ ಇಲ್ಲಿಗೆ ಬಂದರು. ಚಾಳಿನಲ್ಲಿ ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವರದು. ನಾನು ಆಗಲೇ ಗಂಡನನ್ನು ಕಳೆದುಕೊಂಡು ಮಗನ ಹತ್ತಿರ ಇದ್ದೆ.

ಮಾಲವ್ವನೂ ಕೆಲಸಕ್ಕೆ ಸೇರಿದಳು. ಹರಿದ ಹಾಳೆಗಳನ್ನು ಆರಿಸಿ ತೆಗೆಯುವ ಕೆಲಸ. ಓದು ಬರುತ್ತಿರಲಿಲ್ಲ. ಆದರೆ ಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿದರೆ ಸಾಕು, ಕೆಟ್ಟ ಹಾಳೆ ಎಲ್ಲಿದೆ ಎಂದು ಹೇಳುತ್ತಿದ್ದಳು.

ಊರಲ್ಲಿ ಅವಳ ಒಂದು ಕೂಸು ಜ್ವರದ ಸೆಳೆತದಲ್ಲಿ ಹೋಗಿತ್ತು. ಇಲ್ಲಿಗೆ ಬಂದ ವರ್ಷ ಎರಡನೆಯದೂ ಹಾಗೆಯೇ ಹೋಯಿತು. ಆಗ ಮೂರು ದಿನ ನಾನು ಅವಳ ಬಳಿ ಕೂತಿದ್ದೆ. ಉಪದೇಶ ಮಾಡಲಿಲ್ಲ, ಸುಮ್ಮನೆ ಪ್ರಾರ್ಥಿಸಿದೆ. ಆಮೇಲೆ ಅವಳೇ ನಮ್ಮ ಕ್ರೈಸ್ತ ಸಭೆಗೆ ಬರತೊಡಗಿದಳು. ೧೯೬೦ರಲ್ಲಿ ಗಂಡ ಹೆಂಡತಿ ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಮರುವರ್ಷ ಮಗಳು ಹುಟ್ಟಿದಳು. ರೂತವ್ವ ಎಂದು ಹೆಸರಿಟ್ಟರು.

ನಮ್ಮ ಹೆಂಗಸರ ಪ್ರಾರ್ಥನೆ ಬುಧವಾರ ಮಧ್ಯಾಹ್ನ ಮೂರಕ್ಕೆ. ಪ್ರಾರ್ಥನೆ ಎಂದರೆ ಬರೀ ಬೇಡುವುದಲ್ಲ, ಕಣ್ಣಿಗೆ ಕಾಣದ ವೈರಿಯ ಸಂಗಡ ಮೊಣಕಾಲೂರಿ ಕಾದುವುದು ಎಂದು ಉಪದೇಶಿಗಳು ಕಲಿಸಿದ್ದರು. ಅದನ್ನು ನಾನು ಇವತ್ತಿಗೂ ನಂಬುತ್ತೇನೆ. ಒಬ್ಬೊಬ್ಬರೂ ಒಂದೊಂದು ವಿಷಯ ತಂದು ಹೆಸರು ಹಿಡಿದು ಹೇಳಬೇಕು, ಉಳಿದವರೆಲ್ಲ ಅದಕ್ಕಾಗಿ ಪ್ರಾರ್ಥಿಸಬೇಕು. ಇದು ನಮ್ಮ ರೂಢಿ. ಮಾಲವ್ವ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ತೆರೆದೇ ಪ್ರಾರ್ಥಿಸುತ್ತಿದ್ದಳು. ಹಳಿಯಾಳದಿಂದ ಬಂದ ಗೋದುಬಾಯಿ ಒಮ್ಮೆ ಅವಳನ್ನು ಕೆಣಕಿದಳು.

"ಕಣ್ಣ ತೆರದ ಕುಂತ್ರ ಸೈತಾನಗ ಬಾಗಲಾ ತೆರದಂಗ, ಮಾಲವ್ವ."

"ಕಣ್ಣ ಮುಚ್ಚಿದ್ರ ಈಕಿ ಒಲ್ಯಾಗ ಕೈ ಇಡ್ತಾಳ್ರಿ ಬಾಯಾರ. ಅಂವ ಬಂದ್ರ ನಾನ ಮೊದ್ಲ ನೋಡ್ತೇನಿ, ನಿಮಗೂ ಹೇಳ್ತೇನಿ," ಎಂದಳು ಮಾಲವ್ವ. ಗೋದುಬಾಯಿಯೇ ಮೊದಲು ನಕ್ಕಳು.

೧೯೬೨ರ ಆಷಾಢದಲ್ಲಿ ರೂತವ್ವನಿಗೂ ಜ್ವರ ಏರಿ ಸೆಳೆತ ಬಂತು. ಸನವಳ್ಳಿಯಿಂದ ಓಡಿ ಬಂದ ಮಾಲವ್ವನ ತಾಯಿ, ಊರದೇವತೆ ದ್ಯಾಮವ್ವನ ಗುಡಿಯ ಹಳದಿ ದಾರವೊಂದನ್ನು ಕೂಸಿನ ಸೊಂಟಕ್ಕೆ ಕಟ್ಟಿದಳು. ಮಾಲವ್ವ ಬೇಡ ಎನ್ನಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು, ತಾಯಿ ಊರಿಗೆ ಹೋದಳು, ದಾರ ಉಳಿಯಿತು. ನಮ್ಮ ಸಭೆಯವರು ಅಂಥ ದಾರ ಕಟ್ಟಬಾರದು.

ಸೋಮವಾರ ಸಂಜೆ ಮಾಲವ್ವ ನಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಆಯಿ, ದಾರಾ ತಗೀಬೇಕಂತ ದಿನಾ ಕತ್ರಿ ಹಿಡೀತೇನಿ. ಕೈ ಬರವಲ್ದು. ಎರಡ ಕೂಸು ಕಣ್ಣ ಮುಂದ ಬರ್ತಾವು. ನನ್ನ ಕೈಗೆ ಬಲಾ ಬರ್ಲೆಂತ ನೀವೊಬ್ರ ಪ್ರಾರ್ಥನಿ ಮಾಡ್ರಿ. ಯಾರ ಮುಂದೂ ಅನಬ್ಯಾಡ್ರಿ."

ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಆ ರಾತ್ರಿಯೂ ಮರುದಿನವೂ ಪ್ರಾರ್ಥಿಸಿದೆ. ಅದು ಸುಳ್ಳಲ್ಲ.

ಬುಧವಾರ ಮಾಲವ್ವ ಕೆಲಸದ ಮೇಲಿದ್ದಳು. ನಾವು ಆರು ಜನ ಕೂತಿದ್ದೆವು. ಗೋದುಬಾಯಿ ತನ್ನ ಮೈದುನನನ್ನು ಬಿಟ್ಟುಹೋದ ದೆವ್ವದ ಸಂಗತಿಯನ್ನು ಮೂರನೆಯ ವಾರವೂ ಹೇಳಿದಳು. ಎಲ್ಲರೂ ದೇವರಿಗೆ ಸ್ತೋತ್ರ ಎಂದರು. ಹಿರಿಯಳಾದ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇರಲಿಲ್ಲ. ದೇವರಾತ್ಮವೇ ನನ್ನಿಂದ ಮಾತಾಡಿಸಿತು ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿಕೊಂಡೆ. ಆತ್ಮವಲ್ಲ, ಹೊಟ್ಟೆಕಿಚ್ಚು. ನಮ್ಮ ಚಾಳಿನಲ್ಲೇ ವೈರಿ ಒಂದು ದಾರ ಕಟ್ಟಿ ಕೂತಿದ್ದಾನೆ ಎಂದೆ. ಯಾರ ಮನೆ ಎಂದು ಕೇಳಿದರು. ಹೆಸರು ಹೇಳಿದೆ.

ಐವರೂ ಮಾಲವ್ವನ ಹೆಸರು ಹಿಡಿದು ಗಟ್ಟಿಯಾಗಿ ಪ್ರಾರ್ಥಿಸಿದರು. ಪಕ್ಕದ ಮನೆಗಳಿಗೂ ಕೇಳಿಸಿತು. ಮುಗಿದ ಮೇಲೆ ಗೋದುಬಾಯಿ ಈಗಲೇ ಹೋಗೋಣ ಎಂದಳು. ಬೇಡ ಎನ್ನಬಹುದಾಗಿತ್ತು. ಎನ್ನಲಿಲ್ಲ.

ಐದು ಗಂಟೆಗೆ ಹಾಡುತ್ತ ಹೋದೆವು. ಮಾಲವ್ವ ಆಗತಾನೇ ಕೆಲಸದಿಂದ ಬಂದು ಮಗಳಿಗೆ ಅನ್ನ ಕಲಸುತ್ತಿದ್ದಳು. ಬಾಗಿಲಲ್ಲಿ ನಮ್ಮನ್ನು ನೋಡಿ ಎದ್ದು ನಿಂತಳು. ಅವಳು ಉಳಿದವರನ್ನು ನೋಡಲಿಲ್ಲ, ನನ್ನೊಬ್ಬಳನ್ನೇ ನೋಡಿದಳು. ಗೋದುಬಾಯಿ ಕೂಸನ್ನು ಎತ್ತಿ ಹಿಡಿದಳು. ನಾನು ಅಂಗಿ ಮೇಲೆತ್ತಿ ನನ್ನ ಅಡಕೊತ್ತಿನಿಂದ ದಾರ ಕತ್ತರಿಸಿದೆ. ಕೂಸು ಒದ್ದಾಡಿತು. ಸೊಂಟದ ಹತ್ತಿರ ಚರ್ಮ ಗೀರಿ ಒಂದು ಹನಿ ರಕ್ತ ಬಂತು. ದಾರವನ್ನು ಒಲೆಗೆ ಹಾಕಿದೆವು, ಜಯವಾಯಿತು ಎಂದು ಹಾಡಿದೆವು.

ಎಲ್ಲರೂ ಹೊರಟ ಮೇಲೆ ಮಾಲವ್ವ ಮಗಳನ್ನು ಎತ್ತಿಕೊಂಡು ಮೆಲ್ಲಗೆ ಹೇಳಿದಳು.

"ನಾನ ಕಡೀತಿದ್ದೆ, ಆಯಿ. ಇನ್ನೆರಡ ದಿನಾ ಬೇಕಾಗಿತ್ತು."

ಅಡಕೊತ್ತನ್ನು ಸೆರಗಿಗೆ ಒರೆಸಿಕೊಂಡು ಬಂದೆ.

ಮಾಲವ್ವ ಸಭೆ ಬಿಡಲಿಲ್ಲ. ಪ್ರತಿ ಭಾನುವಾರ ಬಂದಳು, ದಾರಿಯಲ್ಲಿ ಕಂಡರೆ ಮಾತಾಡಿಸಿದಳು. ಆದರೆ ಬುಧವಾರ ಅವಳ ಸರದಿ ಬಂದಾಗ, "ನಂದೇನಿಲ್ರಿ, ಮುಂದಿನವ್ರು ಹೇಳ್ರಿ," ಎನ್ನುತ್ತಿದ್ದಳು. ಉಳಿದವರು ಅವಳ ನಂಬಿಕೆ ಗಟ್ಟಿಯಾಯಿತು ಎಂದುಕೊಂಡರು. ನಾನು ತಲೆ ಎತ್ತುತ್ತಿರಲಿಲ್ಲ.

೧೯೬೫ರಲ್ಲಿ ರೂತವ್ವನಿಗೆ ವಿಷಮಜ್ವರ ಬಂತು. ಹನ್ನೊಂದು ದಿನ ಮಾಲವ್ವ ಆಸ್ಪತ್ರೆಯಲ್ಲಿ ಒಬ್ಬಳೇ ಕೂತಿದ್ದಳು. ಸಭೆಯಲ್ಲಿ ಯಾರಿಗೂ ತಿಳಿಸಲಿಲ್ಲ. ಊರಿಗೆ ಹೋಗಿದ್ದಾರೆಂದು ನಾವು ತಿಳಿದಿದ್ದೆವು. ಕೂಸು ಬದುಕಿ ಮನೆಗೆ ಬಂದ ಮೇಲೆ ಕರಿಬಸಪ್ಪ ನನ್ನ ಮಗನಿಗೆ ಹೇಳಿದ. ಎರಡನೆಯ ಕೂಸು ಹೋದಾಗ ಅವಳ ಬಳಿ ಕೂತ ನಾನು, ಈ ಸಲ ಹೋಗಿ ಕೂರಲಾಗದ ಹಾಗೆ ಮಾಡಿಕೊಂಡಿದ್ದೆ.

ಹೋಗಿ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ಹೇಳಬೇಕಾದ ಮ್ಯಾಲಿನವಗ ಹೇಳಿದ್ದೆ, ಆಯಿ."

ಆಗ ನಾನು ಅವಳ ಮುಂದೆ ಬುಧವಾರದ ಸಂಗತಿಯನ್ನು ಮೊದಲಿಂದ ಹೇಳಿದೆ, ಗೋದುಬಾಯಿಯ ಮೇಲಿನ ಹೊಟ್ಟೆಕಿಚ್ಚನ್ನೂ ಬಿಡದೆ. ತಪ್ಪಾಯಿತು ಎಂದೆ.

"ಅವತ್ತ ಕ್ಷಮಾ ಮಾಡೇನ್ರಿ. ಇಲ್ಲಾಂದ್ರ ನನ್ನ ಪ್ರಾರ್ಥನಿ ಮ್ಯಾಲ ಹೋಗ್ತಿದ್ದಿಲ್ಲ. ಆದ್ರ ನಿಮ್ಮ ಮುಂದ ಬಾಯಿ ತೆರೀವಲ್ದು. ಅದ್ನ ನಾ ಬೇಕಂತ ಮಾಡೂದಲ್ಲ."

ಇದು ನಡೆದು ಮೂರು ವರ್ಷವಾಯಿತು. ನನಗೆ ಈಗ ಕಾಲು ಸಾಗುವುದಿಲ್ಲ. ಭಾನುವಾರ ಮಾಲವ್ವನೇ ನನ್ನ ಕೈ ಹಿಡಿದು ದೇವಾಲಯದ ಮೆಟ್ಟಿಲು ಹತ್ತಿಸುತ್ತಾಳೆ, ಪಕ್ಕದಲ್ಲೇ ಮೊಣಕಾಲೂರುತ್ತಾಳೆ. ಅವಳ ತುಟಿ ಅಲುಗುವುದು ಕಾಣುತ್ತದೆ. ಅವಳು ಏನು ಬೇಡುತ್ತಾಳೋ ನನಗೆ ಗೊತ್ತಿಲ್ಲ. ನಾನು ಕೇಳುವುದಿಲ್ಲ.