ಉಗಿಯಿಲ್ಲದ ಎಂಜಿನ್ನಿನ ಡ್ರೈವರ್

ಪ್ರವಾಸಿಗಳ ಮಕ್ಕಳು ಅವನನ್ನು ಹೊಗೆ ಮಾವ ಎಂದು ಕರೆಯುತ್ತಿದ್ದರು. ನೀಲಿ ಅಂಗಿ, ಕತ್ತಿಗೆ ಕೆಂಪು ಕರವಸ್ತ್ರ, ಜಿಡ್ಡು ಹಿಡಿದ ಟೋಪಿ, ಕೆನ್ನೆಯ ಮೇಲೆ ಒಂದಿಷ್ಟು ಮಸಿ. ಆ ಮಸಿ ಕೆಲಸದಿಂದ ಹತ್ತಿದ್ದಲ್ಲ. ಬೆಳಿಗ್ಗೆ ಶೆಡ್ಡಿನ ಒಡಕು ಕನ್ನಡಿಯ ಮುಂದೆ ನಿಂತು ಅವನೇ ಬೆರಳಿನಿಂದ ಬಳಿದುಕೊಳ್ಳುತ್ತಿದ್ದದ್ದು. ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವುದೆಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಸುಳ್ಳು ಡ್ರೈವರನಾಗಿ ಹುಟ್ಟಿದವನಲ್ಲ. ಬೆಟ್ಟದ ಮೇಲಿನ ಕಲ್ಲುಗಣಿಯಿಂದ ಪಟ್ಟಣಕ್ಕೆ ಕಲ್ಲು ಇಳಿಸಲೆಂದು ಹಾಕಿದ ಸಣ್ಣ ರೈಲು ಅದು. ಅಪ್ಪ ಆ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ಮಗ ಮೀಸೆ ಚಿಗುರುವ ಹೊತ್ತಿಗೆ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದ. ಆಮೇಲೆ ಡ್ರೈವರನ ಪಕ್ಕದಲ್ಲಿ ನಿಂತು ಒಲೆಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್ ಆದ. ಡ್ರೈವರ್ ಪರೀಕ್ಷೆಯನ್ನೂ ಪಾಸು ಮಾಡಿದ. ಇನ್ನೇನು ಹಿಡಿಕೆ ಕೈಗೆ ಬರಬೇಕು, ಅಷ್ಟರಲ್ಲಿ ಗಣಿಯವರು ಲಾರಿಗಳನ್ನು ತಂದರು. ರೈಲು ನಿಂತಿತು. ಹಳಿಯ ಮೇಲೆ ಮುಳ್ಳುಗಿಡ ಬೆಳೆಯಿತು. ಅವನು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸ್ಟವ್ ರಿಪೇರಿ ಅಂಗಡಿ ಇಟ್ಟ. ಹೊಸಬರು ಸಿಕ್ಕಿದರೆ ಹೆಂಡತಿ ಮಾತ್ರ, "ನಮ್ಮನೆಯವರು ರೈಲ್ವೇಲಿದ್ರು" ಎಂದೇ ಪರಿಚಯ ಹೇಳುತ್ತಿದ್ದಳು. ಸ್ಟವ್‌ಗಳ ವಿಷಯ ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹಳೇ ರೈಲಿನ ಹುಚ್ಚು ಹತ್ತಿದ ಕೆಲವರು ಸೇರಿ ಒಂದು ಕಂಪನಿ ಕಟ್ಟಿದರು. ಮುಳ್ಳು ಕಡಿಸಿದರು, ಹಳಿಯಡಿಯ ಕೊಳೆತ ಮರದ ಪಟ್ಟಿ ಬದಲಿಸಿದರು, ಬೋಗಿಗಳಿಗೆ ಹಸಿರು ಹಳದಿ ಬಣ್ಣ ಹೊಡೆಸಿದರು. ಬೆಟ್ಟ ನೋಡಲು ಬರುವವರನ್ನು ಕೂರಿಸಿಕೊಂಡು ಹೋಗಿ ಬರುವುದು ಅವರ ಯೋಜನೆ. ಆ ಎಂಜಿನ್ನಿನ ಗುಣ ಬಲ್ಲವರು ಊರಲ್ಲಿ ಉಳಿದಿದ್ದದ್ದು ಇವನೊಬ್ಬನೇ. ಅಂಗಡಿಯಿಂದಲೇ ಕರೆದುಕೊಂಡು ಹೋದರು.

ಮೊದಲ ಎರಡು ಸೀಸನ್ ನಿಜವಾದ ಉಗಿಯಲ್ಲೇ ಓಡಿಸಿದ. ನಸುಕಿನಲ್ಲೇ ಬೆಂಕಿ ಹಾಕಿ, ಬಾಯ್ಲರಿನ ನೀರು ನಿಧಾನವಾಗಿ ಕಾದು, ಒತ್ತಡದ ಮೀಟರಿನ ಮುಳ್ಳು ಮೇಲೇರುವುದನ್ನು ಕಾಯುತ್ತ ಕೂರುತ್ತಿದ್ದ. ಮೊದಲ ದಿನ ಹಿಡಿಕೆ ಎಳೆದಾಗ ಎಂಜಿನ್ ಮೈಮುರಿದು ಎದ್ದಂತೆ ಹೆಜ್ಜೆ ಕಿತ್ತಿತು. ಅವನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಅತ್ತುಬಿಟ್ಟ.

ಮೂರನೇ ಸೀಸನ್ನಿಗೆ ಮೊದಲು ಬಾಯ್ಲರ್ ಪರೀಕ್ಷಕರು ಬಂದರು. ಸುತ್ತಿಗೆಯಲ್ಲಿ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. "ತಗಡು ಒಳಗಿಂದ ತಿಂದುಹೋಗಿದೆ. ಇನ್ನೊಂದ್ಸಲ ಉಗಿ ಕಟ್ಟಿದ್ರೆ ನಿಮ್ಮನ್ನ ಪೊರಕೆ ತಗೊಂಡು ಗುಡಿಸ್ಬೇಕಾಗುತ್ತೆ" ಎಂದು ಬೀಗ ಹಾಕಿಸಿ ಹೋದರು.

ಟಿಕೆಟ್ಟುಗಳೆಲ್ಲ ಆಗಲೇ ಬುಕ್ ಆಗಿದ್ದವು. ಕಂಪನಿಯ ಮ್ಯಾನೇಜರ್ ಚುರುಕು ಮನುಷ್ಯ. ಗಣಿಯ ಕಡೆಯಿಂದ ಒಂದು ಚಿಕ್ಕ ಡೀಸೆಲ್ ಎಂಜಿನ್ ತಂದು, ಅದರ ಸುತ್ತ ಹಲಗೆ ಬಡಿಸಿ, ಕಿಟಕಿ ಪರದೆಗಳನ್ನೆಲ್ಲ ಬಣ್ಣದಲ್ಲೇ ಬರೆಸಿ, ಕೊನೆಯ ಬೋಗಿಯಂತೆ ಕಾಣುವ ಹಾಗೆ ಮಾಡಿಸಿದರು. ಅದು ಹಿಂದಿನಿಂದ ನೂಕಬೇಕು. ಮುಂದೆ ಉಗಿ ಎಂಜಿನ್ ಸುಮ್ಮನೆ ಉರುಳಬೇಕು. ಒಲೆಯಲ್ಲಿ ಎಣ್ಣೆಬಟ್ಟೆ ಸುಟ್ಟರೆ ಚಿಮಣಿಯಲ್ಲಿ ಹೊಗೆ. ಗಾಳಿ ಸಿಲಿಂಡರಿನಿಂದ ಸೀಟಿ.

"ಬಾಯ್ಲರ್ ರಿಪೇರಿ ಆಗೋವರೆಗೂ ಅಷ್ಟೇ" ಎಂದರು ಮ್ಯಾನೇಜರ್. ರಿಪೇರಿ ಆಗಲೇ ಇಲ್ಲ.

ಹಿಂದಿನ ಡಬ್ಬಿಯಲ್ಲಿ ಡೀಸೆಲ್ ನಡೆಸಲು ಗುಟ್ಟು ಬಿಡದ ಮನುಷ್ಯ ಬೇಕಿತ್ತು. ಹೊಗೆ ಮಾವ ತನ್ನ ಬಾಮೈದನನ್ನು ತಂದು ಸೇರಿಸಿದ. ಹೆಂಡತಿಯ ತಮ್ಮ ಲಾರಿ ಮೆಕ್ಯಾನಿಕ್. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವನು. ಪ್ರವಾಸಿಗಳು ಬರುವ ಮೊದಲೇ ಡಬ್ಬಿ ಹೊಕ್ಕರೆ ಅವರೆಲ್ಲ ಹೋದ ಮೇಲೆಯೇ ಇಳಿಯುತ್ತಿದ್ದ. ಒಳಗೆ ಕಿವಿ ತೂತಾಗುವ ಸದ್ದು, ಮೈ ಬೇಯುವ ಶಾಖ. ಹೊರಗೆ ನೋಡಲು ಪಕ್ಕದ ಹಲಗೆಯಲ್ಲಿ ಕೈಯಗಲದ ಕಿಂಡಿ. ಮುಂದಿನ ಹಳಿ ನೋಡುವುದು ಹೊಗೆ ಮಾವನ ಕೆಲಸ. ಬ್ರೇಕಿನ ಹಿಡಿಕೆ ಇಬ್ಬರ ಬಳಿಯೂ ಇತ್ತು.

ಮೊದಮೊದಲು ಹೊಗೆ ಮಾವನಿಗೆ ನಾಚಿಕೆಯಾಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರೆ ಮುಖ ತಿರುಗಿಸುತ್ತಿದ್ದ. ಆದರೆ ಚಪ್ಪಾಳೆಯ ರುಚಿ ಕೆಟ್ಟದ್ದು. ಬರುಬರುತ್ತ ಸೀಟಿ ಹೊಡೆದು ಟೋಪಿ ಎತ್ತುವುದನ್ನು ಕಲಿತ. ಖಾಲಿ ಸಲಿಕೆಯಲ್ಲಿ ಇಲ್ಲದ ಕಲ್ಲಿದ್ದಲನ್ನು ಎಸೆದು, ಬಾರದ ಬೆವರನ್ನು ಒರೆಸಿಕೊಳ್ಳುವುದನ್ನೂ ಕಲಿತ.

ಒಂದು ಭಾನುವಾರ ಬಂಡಿ ತುಂಬಿತ್ತು. ಬೆಟ್ಟದ ನಡುವಿನ ದೊಡ್ಡ ತಿರುವಿಗೆ ಸ್ವಲ್ಪ ಮೊದಲು, ಮೊದಲ ಬೋಗಿಯಿಂದ ಕ್ಯಾಮರಾ ಹಿಡಿದ ಒಬ್ಬರು ಕೂಗಿದರು: "ಡ್ರೈವರ್ ಸಾರ್, ಒಂದ್ಸಲ ಈ ಕಡೆ ತಿರುಗಿ! ಸಲಿಕೆ ಎತ್ತಿ ಹಿಡೀರಿ!"

ತಿರುಗಿದ. ಹಳಿಗೆ ಬೆನ್ನು ಹಾಕಿ, ಸಲಿಕೆ ಎತ್ತಿ, ಹಲ್ಲು ಕಿರಿದು ನಿಂತ.

ತಿರುವಿನಾಚೆ ದಿಬ್ಬ ಕುಸಿದು ಹಳಿಯ ಮೇಲೆ ಬಂಡೆಗಳು ಬಿದ್ದಿದ್ದವು. ಬಂಡಿ ಬಾಗುತ್ತಿದ್ದುದರಿಂದ ಹಿಂದಿನ ಕಿಂಡಿಗೆ ಮುಂದಿನ ಹಳಿ ಕಂಡಿತು. ಬಾಮೈದ ಮೈಯೆಲ್ಲ ಭಾರ ಹಾಕಿ ಬ್ರೇಕ್ ಎಳೆದ. ಜನ ಒಬ್ಬರ ಮೇಲೊಬ್ಬರು ಬಿದ್ದರು. ಹೊಗೆ ಮಾವ ಸಲಿಕೆ ಸಮೇತ ಒಲೆಯ ಬಾಗಿಲಿಗೆ ಬಡಿದುಕೊಂಡ. ಕಿರುಗುಟ್ಟುತ್ತ ಬಂಡಿ ನಿಂತಾಗ ಎಂಜಿನ್ನಿನ ಮೂತಿಗೂ ಬಂಡೆಗೂ ನಡುವೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟೂ ಜಾಗವಿರಲಿಲ್ಲ. ಪಕ್ಕದಲ್ಲಿ ಕಣಿವೆ.

ಹೊಗೆ ಮಾವ ಇಳಿದ. ಜನ ಓಡಿ ಬಂದು ಬಂಡೆ ನೋಡಿದರು, ಕಣಿವೆ ನೋಡಿದರು, ಅವನನ್ನು ನೋಡಿದರು. ಒಬ್ಬ ಮುದುಕ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನಮ್ಮ ಪ್ರಾಣ ಉಳಿಸಿದ್ಯಲ್ಲಪ್ಪಾ!"

"ಅಲ್ಲ, ನಾನು..." ಎಂದು ಬಾಯಿ ತೆರೆದ. ಜೊತೆಯಲ್ಲೇ ಬಂದಿದ್ದ ಮ್ಯಾನೇಜರ್ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. "ಪಾಪ, ಸುಸ್ತಾಗಿದ್ದಾರೆ. ಮಾತಾಡಿಸ್ಬೇಡಿ" ಎಂದರು. ಅವನು ಬಾಯಿ ಮುಚ್ಚಿದ.

ಒತ್ತಿದ್ದು ಮ್ಯಾನೇಜರರ ಕೈ, ನಿಜ. ಆದರೆ ಮುದುಕ ಕೈ ಹಿಡಿದ ಆ ಗಳಿಗೆಯಲ್ಲಿ ಎದೆಯೊಳಗೆ ಏನೋ ಸಿಹಿಯಾಗಿ ಕದಲಿದ್ದು ಅವನಿಗೇ ಗೊತ್ತಿತ್ತು. ಮುಂದೆ ಅವನನ್ನು ತಿಂದದ್ದು ಅದೇ.

ಪತ್ರಿಕೆಯಲ್ಲಿ ಸಲಿಕೆ ಹಿಡಿದ ಚಿತ್ರ ಬಂತು, "ಹದ್ದಿನ ಕಣ್ಣಿನ ಡ್ರೈವರ್" ಎಂದು. ನಿಲ್ದಾಣದ ಹಜಾರದಲ್ಲಿ ಕುರ್ಚಿ ಹಾಕಿಸಿ ಕಂಪನಿಯವರು ಸನ್ಮಾನ ಮಾಡಿದರು, ಹೂಗುಚ್ಛ ಮತ್ತು ಹಿತ್ತಾಳೆಯ ಫಲಕ ಕೊಟ್ಟರು. ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಕೊನೆಯ ಸಾಲಿನಲ್ಲಿ ಬಾಮೈದ ಎಡಗೈಯಲ್ಲಿ ತೊಡೆ ತಟ್ಟಿ ಚಪ್ಪಾಳೆಯ ಸದ್ದು ಮಾಡುತ್ತಿದ್ದ. ಬ್ರೇಕ್ ಎಳೆಯುವಾಗ ಕಾದ ಕೊಳವೆಗೆ ತಗುಲಿ ಬೆಂದಿದ್ದ ಬಲಗೈಗೆ ಮೊಣಕೈವರೆಗೂ ಪಟ್ಟಿ ಕಟ್ಟಿತ್ತು.

ಆ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ. ಅತ್ತೆ ಫಲಕವನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದರು. "ಮಗಳನ್ನ ಒಳ್ಳೇ ಕೈಗೇ ಕೊಟ್ಟೆ" ಎಂದವರು ಮಗನ ಕಡೆ ತಿರುಗಿದರು. "ನೀನೂ ಇದೀಯ. ಹಿಂದಿನ ಡಬ್ಬೀಲಿ ಕೂತು ಅದೇನು ತೂಕಡಿಸ್ತೀಯೋ, ಕೈ ಬೇರೆ ಸುಟ್ಕೊಂಡು ಬಂದಿದೀಯ. ನಿಮ್ಮ ಭಾವನ್ನ ನೋಡಿ ಕಲಿಯೋ."

"ಹೂಂ ಅಮ್ಮ" ಎಂದು ಬಾಮೈದ ಎಡಗೈಯಲ್ಲಿ ಅನ್ನ ಕಲಸಿಕೊಂಡ.

ಹೊಗೆ ಮಾವ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಒಬ್ಬನ ಕೈ ಕೆಸರು, ಇನ್ನೊಬ್ಬನ ಬಾಯಿ ಮೊಸರು. ನೆಲ ಬಾಯಿಬಿಟ್ಟು ತನ್ನನ್ನು ನುಂಗಿದರೆ ಸಾಕೆನಿಸಿತು. ತಟ್ಟೆ ನೋಡುತ್ತಲೇ ಹೇಳಿದ: "ಅತ್ತೆ, ಬಂಡಿ ನಿಲ್ಲಿಸಿದ್ದು ಇವನು. ನಾನು ಫೋಟೋಕ್ಕೆ ನಿಂತಿದ್ದೆ. ಬಂಡೆ ನೋಡ್ಲೇ ಇಲ್ಲ. ಕೈ ಸುಟ್ಟಿದ್ದೂ ಬ್ರೇಕ್ ಎಳೆಯೋವಾಗ್ಲೇ."

ಅತ್ತೆ ಫಲಕವನ್ನು ಪಕ್ಕಕ್ಕಿಟ್ಟರು. ಕೊನೆಗೆ ಹೆಂಡತಿ, "ಇದನ್ನ ಅಲ್ಲಿ ಹೇಳ್ಬೇಕಿತ್ತು ರೀ. ಅಷ್ಟು ಜನ ಇದ್ರಲ್ಲ" ಎಂದಳು. ಗದರಿಸಲಿಲ್ಲ, ಗದರಿಸಿದ್ದರೆ ಚೆನ್ನಾಗಿತ್ತು.

ಬಾಮೈದ ಎದ್ದು ಕೈ ತೊಳೆಯಲು ಹೋದ. ಹಿಂದೆಯೇ ಹೋದ ಹೊಗೆ ಮಾವನಿಗೆ ನಲ್ಲಿಯ ಬಳಿ ಮೊದಲ ಸಲ ಅವನ ಸಿಟ್ಟು ಕಂಡಿತು. "ಯಾಕ್ ಭಾವ ಈಗ ಹೇಳಿದ್ರಿ? ನಿಮ್ಮ ಹೊಟ್ಟೆ ಭಾರ ಇಳಿಸ್ಕೊಂಡ್ರಿ, ಸರಿ. ನನ್ನನ್ನ ಒಂದ್ಮಾತು ಕೇಳಿದ್ರಾ?"

"ತಪ್ಪಾಯ್ತು."

"ಈಗ ಅಮ್ಮ ಅಳ್ತಾರೆ. ಅಕ್ಕ ನಿಮ್ಮ ಮುಖ ನೋಡಲ್ಲ. ನಾನು ನಾಳೆ ಮತ್ತೆ ಆ ಡಬ್ಬಿಗೇ ಹೋಗ್ಬೇಕು."

ಹೊಗೆ ಮಾವನಿಗೆ ಸುಮ್ಮನಿರಲಾಗಲಿಲ್ಲ. ಮ್ಯಾನೇಜರರ ಬಳಿ ಹೋಗಿ, ಡೀಸೆಲನ್ನು ಮುಂದೆ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಎಂದ. "ಡೀಸೆಲ್ ನೋಡೋಕೆ ಯಾರ್ರೀ ಬರ್ತಾರೆ? ಹೊಗೆ ಇದ್ರೆ ಜನ, ಜನ ಇದ್ರೆ ನಾವು" ಎಂದು ಅವರು ಅಟ್ಟಿದರು. ಮುಂದಿನ ಭಾನುವಾರ ಬೆಟ್ಟದ ಮೇಲಿನ ನಿಲ್ದಾಣದಲ್ಲಿ ಜನ ಮುತ್ತಿಕೊಂಡು ಹದ್ದಿನ ಕಣ್ಣಿನ ಕತೆ ಕೇಳಿದಾಗ ಅವನು ಕೆನ್ನೆಯ ಮಸಿ ಒರೆಸಿಕೊಂಡು, "ಬನ್ನಿ, ತೋರಿಸ್ತೀನಿ" ಎಂದು ಎಲ್ಲರನ್ನೂ ಹಿಂದಿನ ಡಬ್ಬಿಯ ಬಳಿ ಕರೆದುಕೊಂಡು ಹೋಗಿ ಹಲಗೆಯ ಬಾಗಿಲು ತೆಗೆದ. ಒಳಗೆ ಬನಿಯನ್ನಿನಲ್ಲಿ, ಬೆವರಿನಲ್ಲಿ ತೊಯ್ದ ಬಾಮೈದ ಕಣ್ಣು ಕಿರಿದು ಮಾಡಿ ನೋಡಿದ. ಈ ಸಲವೂ ಅವನನ್ನು ಒಂದು ಮಾತು ಕೇಳಿರಲಿಲ್ಲ.

ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕೆಲವರು ನಕ್ಕರು. "ಮೋಸ!" ಎಂದು ಒಬ್ಬ ಕೂಗಿದ. ಬಹಳ ಜನ ಬಾಮೈದನ ಫೋಟೋ ತೆಗೆದರು, ಬೋನಿನಲ್ಲಿ ಸಿಕ್ಕ ಪ್ರಾಣಿಯದು ತೆಗೆದ ಹಾಗೆ. ಅವನು ಪಟ್ಟಿ ಕಟ್ಟಿದ ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡ.

ಸುದ್ದಿ ಹಬ್ಬಿ ರೈಲು ನಿಂತಿತು. ತನಿಖೆಯವರು ಬಂದರು. ಬಾಮೈದ ಮತ್ತೆ ಲಾರಿಗಳ ಕೆಳಗೆ ಮಲಗಿ ನಟ್ಟು ಬಿಚ್ಚಿದ. ಭಾವ ದಾರಿಯಲ್ಲಿ ಸಿಕ್ಕರೆ ಆಚೆ ಬದಿಗೆ ದಾಟುತ್ತಿದ್ದ. ಅತ್ತೆ ಮಗಳನ್ನು ಮಾತ್ರ ಊಟಕ್ಕೆ ಕರೆಯುತ್ತಿದ್ದರು. ಹಿತ್ತಾಳೆಯ ಫಲಕ ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮುಚ್ಚಳವಾಯಿತು. ಅದನ್ನು ನೋಡಬಾರದೆಂದೇ ಅವನು ಹಜಾರದಲ್ಲಿ ಊಟಕ್ಕೆ ಕೂರತೊಡಗಿದ.

ಮಳೆಗಾಲ ಕಳೆದ ಮೇಲೆ ರೈಲು ಮತ್ತೆ ಹೊರಟಿತು. ಡೀಸೆಲ್ ಎಂಜಿನ್ ಹಲಗೆ ಕಳಚಿಕೊಂಡು ಮುಂದೆ ನಿಂತಿತು. ಉಗಿ ಎಂಜಿನ್ ನಿಲ್ದಾಣದಲ್ಲಿ ನೋಡುವವರಿಗಾಗಿ ಉಳಿಯಿತು. ಮೊದಲಿನಷ್ಟು ಜನ ಇಲ್ಲದಿದ್ದರೂ ಬೋಗಿಗಳು ಖಾಲಿ ಹೋಗುತ್ತಿರಲಿಲ್ಲ. ಕಂಪನಿಯವರು ಬಾಮೈದನನ್ನೇ ಕರೆದರು. ಅವನು, "ಭಾವಂಗೂ ಏನಾದ್ರೂ ಕೆಲ್ಸ ಕೊಡಿ" ಎಂದನಂತೆ. ಅದು ಹೆಂಡತಿಯ ಬಾಯಿಂದ ಗೊತ್ತಾದ ದಿನ ಹೊಗೆ ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಈಗ ಅವನು ಬೆಟ್ಟದ ಬುಡದಲ್ಲಿ ಹಳಿ ಕವಲೊಡೆಯುವ ಕಡೆ ಸನ್ನೆಕೋಲು ಎಳೆದು ದಾರಿ ಬದಲಿಸುವ ಕೆಲಸದಲ್ಲಿದ್ದಾನೆ. ಅಲ್ಲಿಗೆ ಪ್ರವಾಸಿಗಳು ಬರುವುದಿಲ್ಲ. ಭಾವ ಬಾಮೈದ ಮನೆಯಲ್ಲಿ ಎದುರುಬದುರಾದರೆ ನೀರು ಕೊಡು, ಕುರ್ಚಿ ಎಳಕೋ ಎನ್ನುವಷ್ಟು ಮಾತಾಡುತ್ತಾರೆ. ಬಂಡಿ ಹತ್ತಿರ ಬಂದಾಗ ಹೊಗೆ ಮಾವ ಕೋಲು ಎಳೆದು ಹಿಡಿದು, ಹಳಿ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಾನೆ. ಕೂತಿರುತ್ತದೆ. ಆದರೂ ಎಂಜಿನ್ ದಾಟುವವರೆಗೆ ತಲೆ ಎತ್ತುವುದಿಲ್ಲ. ಬಾಮೈದ ಒಂದು ಸಲ ಹಾರ್ನ್ ಒತ್ತುತ್ತಾನೆ. ಇವನು ನೆಲ ನೋಡುತ್ತಲೇ ಕೈ ಎತ್ತುತ್ತಾನೆ.