ಮನೆಯಳಿಯನ ಸೈಲೆನ್ಸರ್

ಈಗ ನಮ್ಮೂರ ರಸ್ತೆಯಲ್ಲಿ ಓಡಾಡುವ ಕಾರುಗಳಿಗೆ ದನಿಯೇ ಇಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತ ನನ್ನೆದುರೇ ಹಾದುಹೋದರೂ ಯಾರು ಬಂದರು, ಯಾರು ಹೋದರು ಎಂದು ತಿಳಿಯುವುದಿಲ್ಲ. ಮರೇಕೊ ಭಾವ ಇದ್ದ ಕಾಲದಲ್ಲಿ ಹಾಗಿರಲಿಲ್ಲ. ಅವರ ಪಿಕಪ್ ಇನ್ನೂ ಮೇಲಿನ ಕೇರಿಯಲ್ಲಿದ್ದಾಗಲೇ ನನ್ನ ಅಂಗಡಿಯ ತಗಡಿನ ಗೋಡೆ ನಡುಗುತ್ತಿತ್ತು. ಆಗೆಲ್ಲ ಬಾಯಿತುಂಬ ಬೈಯುತ್ತಿದ್ದೆ. ಈಗ ಆ ಸದ್ದಿಗಾಗಿ ಕಿವಿ ಹಂಬಲಿಸುತ್ತದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಭಾವ ಆಚೆಯ ದ್ವೀಪದವರು. ನನ್ನ ಅಕ್ಕ ಸಿನಿರಾಳನ್ನು ಮದುವೆಯಾಗಿ, ಒಂದು ಪೆಟ್ಟಿಗೆ ಮತ್ತು ಆ ಹಳೇ ಪಿಕಪ್ಪಿನೊಡನೆ ಹಡಗು ಹತ್ತಿ ನಮ್ಮ ಸವಾಯಿ ದ್ವೀಪಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದರು. ಸಮೋವಾದಲ್ಲಿ ಮನೆಯಳಿಯ ಎಂದರೆ ದುಡಿಯುವ ಕೈ, ಮುಚ್ಚಿದ ಬಾಯಿ. ಅಡುಗೆ ಬೇಯಿಸುವ ನೆಲದೊಲೆಗೆ ಕಲ್ಲು ಕಾಯಿಸಬೇಕು, ಹಿರಿಯರಿಗೆ ಕೋಕೋ ಬಡಿಸಬೇಕು, ಪಂಚಾಯಿತಿಯಲ್ಲಿ ಮಾತ್ರ ತುಟಿ ಬಿಚ್ಚುವಂತಿಲ್ಲ. ಭಾವ ಇದನ್ನೆಲ್ಲ ನಗುನಗುತ್ತಲೇ ಮಾಡುತ್ತಿದ್ದರು. ಉಳಿದ ಹೊತ್ತಿನಲ್ಲಿ ಮೇಲಿನ ಕೇರಿಯವರ ಕೆಸುವಿನ ಗಡ್ಡೆ, ಬಾಳೆಗೊನೆ, ಮಕ್ಕಳು ಮರಿಯನ್ನೆಲ್ಲ ಪಿಕಪ್ಪಿಗೆ ತುಂಬಿಕೊಂಡು ಸಂತೆಗೆ, ಶಾಲೆಗೆ ಹೋಗಿ ಬರುತ್ತಿದ್ದರು.

ತಾಪತ್ರಯ ಶುರುವಾದದ್ದು ಹಳ್ಳದಲ್ಲಿ. ನೀರು ದಾಟುವಾಗ ಕಲ್ಲು ತಗುಲಿ ಸೈಲೆನ್ಸರಿನ ಕೊಳವೆ ಸೀಳಿತು. ಮೊದಲೇ ಕಡಲ ಗಾಳಿಗೆ ತುಕ್ಕು ಹಿಡಿದಿದ್ದ ಕಬ್ಬಿಣ, ಅದಕ್ಕೊಂದು ನೆಪವಷ್ಟೇ ಬೇಕಿತ್ತು. ಆ ಸಂಜೆ ಸಂತೆಯವರು ಬರುವ ಹಡಗು ತಡವಾಗಿ, ಭಾವ ಊರು ಹೊಕ್ಕಾಗ ಶಂಖ ಊದಿಯಾಗಿತ್ತು. ಸಂಜೆಯ ಶಂಖ ಊದಿದ ಮೇಲೆ ಮನೆಮನೆಯಲ್ಲೂ ಪ್ರಾರ್ಥನೆ. ಎರಡನೆಯ ಶಂಖದವರೆಗೆ ರಸ್ತೆಯಲ್ಲಿ ನಾಯಿ ಕೂಡ ಓಡಾಡಬಾರದು. ಕೋಲು ಹಿಡಿದ ಹುಡುಗರು ಊರಿನ ಎರಡೂ ಕಡೆ ಕಾವಲಿರುತ್ತಾರೆ. ಅಂಥ ಹೊತ್ತಿನಲ್ಲಿ ಭಾವನ ಗಾಡಿ ಹುಲಿಯ ಹಾಗೆ ಗರ್ಜಿಸುತ್ತ ನುಗ್ಗಿತು.

ಪಂಚಾಯಿತಿ ಒಂದು ಪೆಟ್ಟಿಗೆ ಮೀನಿನ ಡಬ್ಬ ದಂಡ ಹಾಕಿತು. ಮರುತಿಂಗಳು ಮತ್ತೆ ಹಾಗೇ ಆಯಿತು. ಒಂದು ಹೆಣ್ಣುಹಂದಿ ಹೋಯಿತು. ಪಂಚಾಯಿತಿಯ ಮಾತುಗಾರ ಮಲಿಯೊ ಎದ್ದು, ಮೂರನೆಯ ಸಲವೂ ಹೀಗಾದರೆ ಮರೇಕೊ ಗಾಡಿ ಸಮೇತ ತನ್ನ ಊರಿಗೆ ಹೋಗಲಿ ಎಂದ. ತೀರ್ಪು ಕೊಡಬೇಕಾದವರು ನಮ್ಮಪ್ಪ, ಊರ ಹಿರಿಯ. ಅಳಿಯನ ಮುಖ ನೋಡದೆ "ಹಾಗೇ ಆಗಲಿ" ಎಂದುಬಿಟ್ಟರು. ನಮ್ಮವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಭಾವ ಹೋದರೆ ಅಕ್ಕ ಗಂಡನ ಹಿಂದೆ ಹೋಗಬೇಕು, ಇಲ್ಲವೇ ಅವ್ವನ ಬಳಿ ಉಳಿಯಬೇಕು. ಯಾವುದಾದರೂ ಮನೆ ಒಡೆದಂತೆಯೇ.

ರಾಜಧಾನಿ ಆಪಿಯಾದಿಂದ ಹೊಸ ಸೈಲೆನ್ಸರ್ ತರಿಸೋಣವೆಂದರೆ, ಇಡೀ ಗಾಡಿ ಮಾರಿದರೂ ಅಷ್ಟು ತಾಲಾ ಹಣ ಹುಟ್ಟುತ್ತಿರಲಿಲ್ಲ. ಭಾವ ನನ್ನ ಅಂಗಡಿಗೆ ಬಂದು ತಲೆ ಕೆರೆದುಕೊಂಡು ನಿಂತರು.

"ಫೇತೂ, ಖಾಲಿ ಡಬ್ಬ ಏನಾದ್ರೂ ಇದೆಯೇನೇ?"

"ಇದು ತುಂಬಿದ ಡಬ್ಬ ಕೊಳ್ಳೋರ ಅಂಗಡಿ ಭಾವ. ಖಾಲಿ ಡಬ್ಬ ಕೇಳೋರು ಹಿತ್ತಿಲಿಗೆ ಹೋಗ್ಬೇಕು."

"ಹಿತ್ತಿಲು ಯಾವತ್ತಿದ್ರೂ ನಂದೇ ಬಿಡು. ಮನೆಯಳಿಯ ಅಲ್ವಾ?"

ಮೊದಲು ಮೀನಿನ ಡಬ್ಬದ ತಗಡು ಸುತ್ತಿದರು. ತೆಳು ತಗಡು, ಎರಡು ದಿನಕ್ಕೆ ಸುಟ್ಟು ತೂತಾಗಿ ರಸ್ತೆಯಲ್ಲೇ ಉದುರಿಹೋಯಿತು. "ನಿಮ್ಮ ಗಾಡಿ ಮೀನು ಹುರ್ಕೊಂಡು ತಿನ್ನುತ್ತಾ?" ಎಂದು ಅಕ್ಕ ಕೆಣಕಿದಳು. ಆಮೇಲೆ ಚಿಕ್ಕಪ್ಪನ ಮಗನ ಮದುವೆಯಲ್ಲಿ ಖಾಲಿಯಾದ ದೊಡ್ಡ ದೊಡ್ಡ ದನದ ಮಾಂಸದ ಡಬ್ಬಗಳು ಸಿಕ್ಕವು. ಭಾವ ಒಂದರ ತಳ, ಮುಚ್ಚಳ ಎರಡನ್ನೂ ಕತ್ತರಿಸಿ, ಉದ್ದಕ್ಕೆ ಸೀಳಿ, ಹಾಳೆಯ ಹಾಗೆ ಬಿಡಿಸಿದರು. ಕೊಳವೆಯ ತುಕ್ಕನ್ನು ಹವಳದ ಕಲ್ಲಿನಿಂದ ತಿಕ್ಕಿ ತೆಗೆದರು. ಬಿಸಿಗೆ ಗಟ್ಟಿಯಾಗುವ ಬೂದು ಪೇಸ್ಟ್ ಒಂದು ಡಬ್ಬಿ ಕೊಂಡುಕೊಂಡಿದ್ದರು, ಖರ್ಚು ಅಂತ ಆದದ್ದು ಅದೊಂದೇ. ಅದನ್ನು ಬಳಿದು, ತಗಡು ಸುತ್ತಿ, ಬೇಲಿಯ ತಂತಿ ಬಿಗಿದು ಇಕ್ಕಳದಿಂದ ತಿರುವಿದರು. ಪೇಸ್ಟ್ ಒಣಗಲೆಂದು ಇಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು ಪಕ್ಕದಲ್ಲೇ ಕೂತರು. ಡಬ್ಬದ ಮೇಲಿದ್ದ ಕೆಂಪು ಹಸುವಿನ ಚಿತ್ರ ಗಾಡಿಯ ಹೊಟ್ಟೆಯ ಕೆಳಗೆ ಒಂದು ವಾರ ಕಾಣುತ್ತಿತ್ತು, ಆಮೇಲೆ ಸುಟ್ಟು ಕಪ್ಪಾಯಿತು.

ಗಾಡಿ ಎಷ್ಟು ಸದ್ದಿಲ್ಲದಂತಾಯಿತೆಂದರೆ, ಅದು ಅಂಗಳಕ್ಕೆ ಬಂದು ನಿಂತರೂ ಅಕ್ಕ ತಿರುಗಿ ನೋಡಲಿಲ್ಲ. ನಾವೆಲ್ಲ ಉಸ್ಸಪ್ಪಾ ಎಂದೆವು. ಆದರೆ ಆ ಶನಿವಾರವೇ ಮೇಲಿನ ಕೇರಿಯ ಸೊಲೊನಾ ತಲೆಯ ಮೇಲೆ ಮೂಟೆ ಹೊತ್ತು, ಬೆವರು ಸುರಿಸುತ್ತ ಕೆಳಗಿಳಿದು ಬಂದಳು. ಬಾಯಿ ಜೋರಿನ ಹುಡುಗಿ.

"ಮರೇಕಣ್ಣ, ಕಳ್ಳನ ಹಾಗೆ ಬಂದು ಕಳ್ಳನ ಹಾಗೆ ಹೋದ್ರಂತಲ್ಲ! ಸದ್ದು ಕೇಳಿಸಿದ್ರೆ ತಾನೆ ನಾವು ತೋಟದಿಂದ ಇಳಿದು ಬರೋದು? ಈ ಗಡ್ಡೇನೆಲ್ಲ ಈಗ ಯಾರು ತಿಂತಾರೆ, ನಿಮ್ಮ ಗಾಡಿನಾ?"

ಅವಳು ಹೇಳಿದ್ದೂ ನಿಜವೇ. ಮೇಲಿನ ಕೇರಿಯ ತೋಟಗಳು ರಸ್ತೆಯಿಂದ ಎಷ್ಟೋ ದೂರ. ಒಡೆದ ಸೈಲೆನ್ಸರಿನ ಸದ್ದೇ ಅವರಿಗೆ ಕರೆ ಆಗಿಬಿಟ್ಟಿತ್ತು. ಹಗಲು ಸದ್ದಿಲ್ಲದಿದ್ದರೆ ಹೊಟ್ಟೆಪಾಡಿಲ್ಲ, ಸಂಜೆ ಸದ್ದಾದರೆ ಊರಿಲ್ಲ. ಭಾವ ಎರಡು ದಿನ ಗಾಡಿಯ ಕೆಳಗೇ ಮಲಗಿ ಯೋಚಿಸಿದರು. ಕೊನೆಗೆ ಪೇಸ್ಟನ್ನೆಲ್ಲ ಕೆರೆದು ತೆಗೆದು, ತಗಡನ್ನು ಕೊಳವೆಯ ಮೇಲೆ ಬಳೆಯ ಹಾಗೆ ಹಿಂದೆ ಮುಂದೆ ಜಾರುವಂತೆ ಮಾಡಿದರು. ಹಗಲು ಅದನ್ನು ಸರಿಸಿ ಸೀಳು ಬಿಟ್ಟುಕೊಳ್ಳುವುದು, ಸಂಜೆ ಎಳೆದು ಮುಚ್ಚುವುದು. ಒಂದೇ ತೊಡಕೆಂದರೆ, ಕಾದ ಕೊಳವೆ ಉಬ್ಬಿ ತಗಡನ್ನು ಕಚ್ಚಿಕೊಳ್ಳುತ್ತಿತ್ತು, ಆರುವವರೆಗೆ ಜಾರುತ್ತಿರಲಿಲ್ಲ. ಹಾಗಾಗಿ ಸಂಜೆ ಮೇಲಿನ ಕೇರಿಯವರನ್ನು ಇಳಿಸಿದ ಮೇಲೆ, ತಿರುವಿನ ದೀವಿಹಲಸಿನ ಮರದಡಿ ಗಾಡಿ ನಿಲ್ಲಿಸಿ ಬೀಡಿ ಸೇದುತ್ತ ಕಾಯುತ್ತಿದ್ದರು. ಆರಿದ ಮೇಲೆ ಒದ್ದೆ ತೆಂಗಿನ ಸಿಪ್ಪೆ ಹಿಡಿದು ತಗಡು ಎಳೆದು, ಕೀಲಿ ತಿರುವಿದರೆ ಜಗ್ಗದ ಆ ಗಾಡಿಯನ್ನು ಇಳಿಜಾರಿನಲ್ಲಿ ಉರುಳಬಿಟ್ಟು ಸ್ಟಾರ್ಟ್ ಮಾಡಿ, ಶಂಖಕ್ಕೆ ಮೊದಲೇ ಮನೆ ಸೇರುತ್ತಿದ್ದರು. "ಹಗಲು ಹುಲಿ, ಸಂಜೆ ಬೆಕ್ಕು" ಎಂದು ಊರೆಲ್ಲ ನಗುತ್ತಿತ್ತು. ಮಲಿಯೊ ಕೂಡ ನಗುತ್ತಿದ್ದ. ನಮ್ಮ ಬಾಳಿನ ಒಳ್ಳೆಯ ದಿನಗಳು ಅವು.

ಹೀಗೆ ಎರಡು ವರ್ಷ ನಡೆಯಿತು. ಒಂದು ಸಂಜೆ ಭಾವ ಆಗಷ್ಟೇ ಮರದಡಿ ನಿಲ್ಲಿಸಿದ್ದರು. ಸೊಲೊನಾಳ ಗಂಡ ಓಡಿಬಂದ. ತುಂಬು ಬಸುರಿ ಸೊಲೊನಾಗೆ ದಿನಕ್ಕೆ ಮುಂಚೆಯೇ ನೋವು ಶುರುವಾಗಿ ರಕ್ತ ಹೋಗುತ್ತಿತ್ತು. ಅವಳನ್ನು ಹೊತ್ತು ತಂದು ಗಾಡಿಯಲ್ಲಿ ಚಾಪೆಯ ಮೇಲೆ ಮಲಗಿಸುವಷ್ಟರಲ್ಲಿ ಕೆಳಗೆ ಶಂಖ ಊದಿತು. ಭಾವ ತಗಡು ಎಳೆದು ನೋಡಿದರು, ಜಾರಲಿಲ್ಲ. ಆರುವವರೆಗೆ ಕಾಯುವ ಹೊತ್ತು ಅದಲ್ಲ.

ನಾವು ಮನೆಯಲ್ಲಿ ಕಣ್ಣುಮುಚ್ಚಿ ಕೂತಿದ್ದೆವು. ಅಪ್ಪ ಪ್ರಾರ್ಥನೆ ಹೇಳುತ್ತಿದ್ದರು. ತಿರುವಿನಿಂದ ಆ ಗರ್ಜನೆ ಎದ್ದಿತು. ಅಕ್ಕ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಸದ್ದು ಚರ್ಚಿನ ಮುಂದೆ ಬಂತು, ನಮ್ಮ ಮನೆಯ ಮುಂದೆ ಬಂತು, ಎಲ್ಲಿಯೂ ತಗ್ಗದೆ ಆಸ್ಪತ್ರೆಯ ದಾರಿ ಹಿಡಿಯಿತು. ಅಪ್ಪನ ದನಿ ಒಂದೇ ಒಂದು ಸಲ ತಡವರಿಸಿ ಮತ್ತೆ ಮುಂದುವರಿಯಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಕ್ಕ ಅತ್ತಳು. ಹಾಗೆ ಅಂದವಳೇ ಮರುದಿನ ತಾಯಿ, ಮಗು ಇಬ್ಬರೂ ಉಳಿದರೆಂದು ಕೇಳಿ ಇನ್ನೂ ಜೋರಾಗಿ ಅತ್ತಳು. ನಾನು ಭಾವನ ಮೇಲೆ ಹರಿಹಾಯ್ದೆ.

"ಕಾವಲಿನ ಹುಡುಗರ ಹತ್ರ ಒಂದು ಗಳಿಗೆ ನಿಂತು ಹೇಳಿದ್ರೆ ಬಿಡ್ತಿರಲಿಲ್ವಾ? ಗಂಟೇನು ಹೋಗ್ತಿತ್ತು?"

"ಈಗೀಗ ನಿಂತ್ರೆ ಇಂಜಿನ್ನೂ ಆರಿಹೋಗುತ್ತೆ. ಆ ಗಾಡಿ ಮತ್ತೆ ಸ್ಟಾರ್ಟ್ ಆಗೋದಾ ಫೇತೂ? ಅಲ್ಲಿ ಇಳಿಜಾರೆಲ್ಲಿದೆ?" ಎಂದರು ಭಾವ. ಅಷ್ಟು ಹೇಳಿ ಗಾಡಿ ತೊಳೆಯಲು ಹೋದರು. ದೂರದ ದಾರಿಗೆ ಅಣಿ ಮಾಡುವವರ ಹಾಗೆ ತೊಳೆದರು.

ಸೋಮವಾರ ಪಂಚಾಯಿತಿ ಸೇರಿತು. ನಮ್ಮ ಪಂಚಾಯಿತಿ ಮನೆಗೆ ಗೋಡೆಗಳಿಲ್ಲ, ಸುತ್ತ ಕಂಬಗಳಷ್ಟೇ. ಒಬ್ಬೊಬ್ಬ ಹಿರಿಯನಿಗೆ ಒಂದೊಂದು ಕಂಬ. ಅದಕ್ಕೆ ಅವನಲ್ಲದೆ ಇನ್ನೊಬ್ಬ ಒರಗುವಂತಿಲ್ಲ. ಅಪ್ಪನದು ಮುಂದುಗಡೆಯ ನಟ್ಟನಡುವಿನ ಕಂಬ. ಭಾವ ಹಿಂದುಗಡೆ, ಅಡುಗೆ ಮನೆಯ ಕಡೆ, ಕೋಕೋ ಪಾತ್ರೆಯ ಪಕ್ಕ ಬರೀ ಬೆಣಚುಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅಕ್ಕ, ನಾನು ಹೊರಗೆ ಅಂಗಳದಲ್ಲಿದ್ದೆವು. ಅಕ್ಕನ ಬಟ್ಟೆಯ ಗಂಟು ಮನೆಯಲ್ಲಿ ಸಿದ್ಧವಾಗಿತ್ತು. ಅವ್ವನನ್ನು ನನಗೊಪ್ಪಿಸಿ ಗಂಡನ ಹಿಂದೆಯೇ ಹೋಗುವುದೆಂದು ಅವಳು ತೀರ್ಮಾನಿಸಿದ್ದಳು.

ಮಲಿಯೊ ಎದ್ದ. ಅವನ ಮುಖದಲ್ಲೂ ಸಂತೋಷವಿರಲಿಲ್ಲ. "ಮಗು ಉಳೀತು, ದೇವರು ದೊಡ್ಡೋನು. ಆದ್ರೆ ಕೊಟ್ಟ ಮಾತು ಮಾತೇ. ಇವತ್ತು ಹೆರಿಗೆ ಅಂತ ಬಿಟ್ರೆ, ನಾಳೆ ಹಲ್ಲುನೋವು ಅಂತ ಇನ್ನೊಬ್ಬ ಬರ್ತಾನೆ. ಹಿರಿಯರೇ ಹೇಳ್ಬೇಕು."

ಎಲ್ಲರೂ ಅಪ್ಪನ ಕಡೆ ನೋಡಿದರು.

"ಮಲಿಯೊ ಹೇಳೋದು ಸರಿ," ಎಂದರು ಅಪ್ಪ. "ಮೂರನೇ ಸಲ ಆದ್ರೆ ಊರು ಬಿಡ್ಬೇಕು. ಹಾಗೇ ಆಗಲಿ ಅಂದ ಬಾಯಿ ಇದೇ."

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಗ ಅಪ್ಪ ಮೊಣಕಾಲು ಹಿಡಿದುಕೊಂಡು ಮೇಲೆದ್ದರು. ತಮ್ಮ ಕಂಬ ಬಿಟ್ಟು, ಎಲ್ಲರ ಮುಂದೆ ನಿಧಾನವಾಗಿ ನಡೆದುಹೋಗಿ, ಹಿಂದುಗಡೆ ಭಾವನ ಪಕ್ಕದಲ್ಲಿ ಅದೇ ಬೆಣಚುಕಲ್ಲಿನ ಮೇಲೆ ಕೂತರು. ನಾನು ಹುಟ್ಟಿದ ಮೇಲೆ ಆ ಕಂಬ ಖಾಲಿ ಇದ್ದದ್ದನ್ನು ಅದೇ ಮೊದಲು ನೋಡಿದ್ದು.

"ಮನೆಯಳಿಯನನ್ನ ಕಳಿಸೋದಾದ್ರೆ ಮನೇನೂ ಜೊತೆಗೇ ಕಳಿಸ್ಬಿಡಿ," ಎಂದರು. "ನಂಗೆ ಮಾತ್ರ ಮುಂದಿನ ಸೀಟು ಬೇಕು ಮರೇಕೊ. ಹಿಂದೆ ಕೂತ್ರೆ ಹೊಗೆ."

ಯಾರೂ ನಗಲಿಲ್ಲ. ಮಲಿಯೊ ಖಾಲಿ ಕಂಬವನ್ನೊಮ್ಮೆ, ಹಿಂದೆ ಕೂತ ಆ ಇಬ್ಬರನ್ನೊಮ್ಮೆ ನೋಡಿ, ಕೂತುಬಿಟ್ಟ. "ಏ ಮರೇಕೊ, ಕೋಕೋ ಆರಿಹೋಗ್ತಿದೆಯಲ್ಲೋ," ಎಂದ. "ಬಡಿಸಬಾರದೇನೋ?"

ಭಾವ ಬಟ್ಟಲು ತುಂಬಿದರು. ಮೊದಲ ಬಟ್ಟಲು ಯಾವಾಗಲೂ ನಡುಗಂಬಕ್ಕೆ ಹೋಗಬೇಕು. ಅಲ್ಲಿ ಯಾರೂ ಇರಲಿಲ್ಲ. ಭಾವ ಬಟ್ಟಲು ಹಿಡಿದು ಅತ್ತಿತ್ತ ನೋಡಿದರು. ಅಪ್ಪ ಅದನ್ನು ತಾವೇ ತೆಗೆದುಕೊಂಡು, ಅರ್ಧ ಕುಡಿದು, ಉಳಿದರ್ಧವನ್ನು ಭಾವನ ಕೈಗೆ ಕೊಟ್ಟರು. ಅಂಗಳದಲ್ಲಿ ನಾವು ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಮುಂದೆ ಅವ್ವ, ಆಮೇಲೆ ಅಪ್ಪ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ ಭಾವನೂ ಹೋದರು. ಮನೆಯಳಿಯ ಸತ್ತರೆ ಅವನ ಕಡೆಯವರು ಬಂದು ಹುಟ್ಟೂರಿಗೆ ಒಯ್ಯುವುದು ನಮ್ಮಲ್ಲಿ ವಾಡಿಕೆ. ಭಾವನ ಅಣ್ಣತಮ್ಮಂದಿರು ಹಡಗಿನಲ್ಲಿ ಬಂದಿಳಿದರು. ಬೆನ್ನು ಬಾಗಿದ ಮಲಿಯೊ ಕೋಲೂರಿಕೊಂಡು ಎದುರು ಹೋಗಿ, ಅವರನ್ನು ನೇರ ನಮ್ಮ ಮನೆಯ ಮುಂದೆ, ಅಪ್ಪನ ಗೋರಿಯ ಬಳಿಗೆ ಕರೆದುಕೊಂಡು ಬಂದ. ಅಪ್ಪನ ಬಲಗಡೆ ಹೊಸ ಗುಂಡಿ ತೋಡಿಯಾಗಿತ್ತು. ತೋಡಿದವರು ಮೇಲಿನ ಕೇರಿಯವರು.

"ದೂರದಿಂದ ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ," ಎಂದ ಮಲಿಯೊ. "ಅವನು ಬರೋದಿಲ್ಲ. ಅವನ ಊರು ಇದೇ."